ಹಂಚಿಟ್ಟ ಓಲೆ, ಉಳಿದ ನುಡಿ

ಕಲ್ಯಾಣದ ಕ್ರಾಂತಿಯ ತರುವಾಯವೂ ಶರಣರ ವಚನಗಳು ಉಳಿದು ಬಂದುದು ಯಾವುದೋ ಒಂದು ಭಂಡಾರದ ಬಲದಿಂದಲ್ಲ. ಮಠಗಳಲ್ಲಿ, ಮನೆಗಳ ದೇವರ ಜಗಲಿಯಲ್ಲಿ ಓಲೆಪ್ರತಿಗಳು ಹಂಚಿಹೋಗಿದ್ದವು. ಒಂದು ಕಟ್ಟು ಗೆದ್ದಲಿಗೆ ತುತ್ತಾದರೆ ಮತ್ತೊಂದು ಉಳಿಯಿತು. ಪೂಜ್ಯ ಫ.ಗು. ಹಳಕಟ್ಟಿಯವರು ಅವನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು.

ಇಂದು ನಮ್ಮ ಕೆರೂರಿನ ಮನೆಗಳಲ್ಲಿಯೂ ಹಿರಿಯರ ಕೈಬರಹ, ಹೊಲದ ಉತಾರ, ಮದುವೆಯ ಭಾವಚಿತ್ರಗಳು ಗಣಕಯಂತ್ರವನ್ನು ಸೇರುತ್ತಿವೆ. ಎಲ್ಲವೂ ಒಂದೇ ಯಂತ್ರದಲ್ಲಿದ್ದರೆ ಗತಿಯೇನು? 2009 ಹಾಗೂ 2019ರ ಮಲಪ್ರಭೆಯ ನೆರೆಯನ್ನು ಕಂಡ ಬಾದಾಮಿ ಸೀಮೆಯವರಿಗೆ ಈ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಒಡೆಯನೊಬ್ಬನಿಲ್ಲದೆ ಹಲವು ಕಡೆ ಹಂಚಿಡುವ ಮೂರು ವ್ಯವಸ್ಥೆಗಳನ್ನು ನಾವಿಲ್ಲಿ ಹೋಲಿಸಿದ್ದೇವೆ.

ಮೊದಲನೆಯದು ಸಿಂಕ್‌ಥಿಂಗ್. ಕೆರೂರಿನ ಯಂತ್ರದಲ್ಲಿರುವ ಕಡತವು ಹುಬ್ಬಳ್ಳಿಯ ಮಗನ ಯಂತ್ರದಲ್ಲಿಯೂ ಇರುವಂತೆ ಇದು ನೋಡಿಕೊಳ್ಳುತ್ತದೆ. ಬಳಕೆ ಸುಲಭ, ದಾರಿಯಲ್ಲಿ ಕದ್ದು ಓದುವಂತಿಲ್ಲ. ಆದರೆ ಇಲ್ಲಿ ತಪ್ಪಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಹಳೆಯ ಪ್ರತಿಗಳನ್ನು ಕಾಯ್ದಿಡುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು.

ಎರಡನೆಯದು ತಾಹೋ-ಲಾಫ್ಸ್. ಇದು ಕಡತಕ್ಕೆ ಮನೆಯಲ್ಲಿಯೇ ಬೀಗ ಹಾಕಿ, ಸಾಮಾನ್ಯವಾಗಿ 10 ತುಣುಕುಗಳನ್ನಾಗಿಸಿ ಬೇರೆ ಬೇರೆ ಯಂತ್ರಗಳಿಗೆ ಕಳಿಸುತ್ತದೆ. ಅವುಗಳಲ್ಲಿ ಯಾವ 3 ದೊರೆತರೂ ಇಡೀ ಕಡತ ಮರಳಿ ಬರುತ್ತದೆ. ಏಳು ಹಾಳಾದರೂ ಚಿಂತೆಯಿಲ್ಲ. ತುಣುಕು ಇಟ್ಟುಕೊಂಡವರಿಗೆ ಒಂದಕ್ಷರವೂ ತಿಳಿಯದು. ಆದರೆ ಕೀಲಿಯ ಅಕ್ಷರಮಾಲೆ ಕಳೆದುಹೋದರೆ ಒಡೆಯನಿಗೂ ಬಾಗಿಲು ತೆರೆಯದು. ಸ್ಥಾಪಿಸಲು ಬಲ್ಲವರ ನೆರವು ಬೇಕು.

ಮೂರನೆಯದು ಐಪಿಎಫ್‌ಎಸ್. ಇಲ್ಲಿ ಕಡತದ ವಿಳಾಸವು ಅದರ ಒಳಗಿನ ಬರಹದಿಂದಲೇ ಹುಟ್ಟುತ್ತದೆ. ಒಂದಕ್ಷರ ತಿದ್ದಿದರೂ ವಿಳಾಸ ಬೇರೆಯಾಗುವುದರಿಂದ ಪಾಠ ಕೆಟ್ಟುದು ಕೂಡಲೇ ತಿಳಿಯುತ್ತದೆ. ಆದರೆ ಇದು ತಾನಾಗಿ ಬೀಗ ಹಾಕದು. ವಿಳಾಸ ಬಲ್ಲವರೆಲ್ಲ ಓದಬಹುದು. ಯಾರೂ ಜತನ ಮಾಡದಿದ್ದರೆ ಕಡತ ಮಾಯವಾಗುತ್ತದೆ.

ಆದುದರಿಂದ ಎಲ್ಲರಿಗೂ ಸಲ್ಲಬೇಕಾದ ವಚನಪ್ರತಿಗಳಿಗೆ ಮೂರನೆಯದು, ಮನೆಯ ಗುಟ್ಟಿನ ಪತ್ರಗಳಿಗೆ ಎರಡನೆಯದು, ದಿನಬಳಕೆಗೆ ಮೊದಲನೆಯದು ತಕ್ಕುದೆಂದು ನಮಗೆ ತೋರುತ್ತದೆ. ಯಾವುದನ್ನು ಆರಿಸಿದರೂ ಒಂದು ಪ್ರತಿಯನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿ ಬಿಡಿ ಡಿಸ್ಕಿನಲ್ಲಿರಿಸಿ. ಕೀಲಿಯನ್ನು ಕಾಗದದ ಮೇಲೆ ಬರೆದು ನಂಬಿಗಸ್ತರಿಬ್ಬರಿಗೆ ಒಪ್ಪಿಸಿ.

ಹಿಂದಿನವರು ಹಂಚಿಟ್ಟುದರಿಂದ ನಮಗೆ ವಚನಗಳು ದೊರೆತವು. ಮುಂದಿನವರಿಗಾಗಿ ನಾವು ಹಂಚಿಡಬೇಡವೇ?