ಜಗಳೂರು ಸೀಮೆಯಲ್ಲಿ ಮೂರು ದಿನದ ಬೈಸಿಕಲ್ ಪ್ರವಾಸ

ಮೋಟಾರಿನಲ್ಲಿ ಸಂಚರಿಸುವವರಿಗೆ ನಾಡೆಲ್ಲವೂ ಮಟ್ಟಸವಾಗಿಯೇ ಕಾಣುವುದು. ಅದರ ಏರುತಗ್ಗುಗಳನ್ನು ಅರಿಯಬೇಕಾದರೆ ಬೈಸಿಕಲ್ಲನ್ನೇ ಹತ್ತಬೇಕು. ಕಳೆದ ಆಷಾಢದಲ್ಲಿ ಮೂರು ದಿನಗಳ ವಿರಾಮ ದೊರೆತಾಗ ಈ ಮಾತನ್ನು ನಮ್ಮ ಮೊಣಕಾಲುಗಳೇ ನಮಗೆ ಕಲಿಸಿದುವು.

ನಾವು ಮೂವರು ಮಿತ್ರರು ನಸುಕಿನಲ್ಲಿಯೇ ದಾವಣಗೆರೆಯನ್ನು ಬಿಟ್ಟೆವು. ಜಗಳೂರಿಗೆ ಸುಮಾರು 50 ಕಿಲೋಮೀಟರುಗಳ ದಾರಿ. ಮೊದಲಿಗೆ ಭದ್ರಾ ನಾಲೆಯ ಆಸರೆಯಲ್ಲಿರುವ ಗದ್ದೆಗಳೂ ತೋಟಗಳೂ ಜೊತೆಯಾದುವು. ಅಣಜಿಯನ್ನು ದಾಟಿ ಬಿಳಿಚೋಡಿನ ಕಡೆಗೆ ಸಾಗಿದಂತೆ ಹಸುರು ತೆಳುವಾಗುತ್ತ ಬಂದು, ಮಳೆಯನ್ನೇ ನಂಬಿದ ಮೆಕ್ಕೆಜೋಳ ಶೇಂಗಾಗಳ ಹೊಲಗಳು ಎದುರಾದುವು. ಪಡುವಣ ಗಾಳಿಯು ಬೆನ್ನಿಗಿದ್ದಿತು. ಅದು ದೂಡಿದುದನ್ನು ನಮ್ಮ ಕಾಲುಗಳ ಬಲವೆಂದೇ ಬಗೆದು, ಹೊತ್ತೇರುವ ಮೊದಲೇ ಜಗಳೂರನ್ನು ಸೇರಿ, ಇದೂ ಒಂದು ಶ್ರಮವೇ ಎಂದು ನಕ್ಕೆವು.

ಮರುದಿನ ರಂಗಯ್ಯನದುರ್ಗದ ಕಾಡಿನ ಅಂಚಿಗೆ ಹೊರಟೆವು. ಸುಮಾರು 77 ಚದರ ಕಿಲೋಮೀಟರುಗಳ ಈ ಕಾಡು 2011ರಲ್ಲಿ ಕೊಂಡುಕುರಿಗಳ ವನ್ಯಧಾಮವಾಯಿತು. ಗಂಡು ಕೊಂಡುಕುರಿಯ ತಲೆಯ ಮೇಲೆ ನಾಲ್ಕು ಕೊಂಬುಗಳಿರುತ್ತವೆ. ಬಲು ಅಂಜುಬುರುಕ ಪ್ರಾಣಿಯಾದುದರಿಂದ ಅದು ನಮಗೆ ದರ್ಶನ ಕೊಡಲಿಲ್ಲ. ಅದರ ಬದಲು ಜಾಲಿಯ ಮುಳ್ಳುಗಳು ಧಾರಾಳವಾಗಿ ದೊರೆತುವು! ನಮ್ಮಲ್ಲೊಬ್ಬರ ಎರಡು ಗಾಲಿಗಳೂ ಒಮ್ಮೆಗೇ ಕುಸಿದುವು.

ತೇಪೆಯೂ ಅಂಟೂ ನಮ್ಮ ಚೀಲದಲ್ಲಿದ್ದುವು. ಆದರೆ ಟ್ಯೂಬಿನ ಸೂಜಿತೂತು ಕಾಣಬೇಕಾದರೆ ಅದನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆಗಳನ್ನು ನೋಡಬೇಕಷ್ಟೆ. ನಮ್ಮ ಸೀಸೆಗಳು ಬರಿದಾಗಿದ್ದುವು. ದಾರಿಯ ಮಗ್ಗುಲಿನ ಮನೆಯೊಂದರಲ್ಲಿ ಮುದುಕಿಯೊಬ್ಬರು ಕುಳಿತಿದ್ದರು.

“ಅವ್ವಾ, ಒಂದು ಬೋಗುಣಿ ನೀರು ಸಿಕ್ಕೀತೆ?”

“ಕುಡಿಯಾಕೋ, ಗಾಲಿಗೋ?”

ನಾವು ತಲೆ ತಗ್ಗಿಸಿದೆವು. ಆಕೆ ಮೊದಲು ಚೊಂಬಿನಲ್ಲಿ ಕುಡಿಯಲು ಕೊಟ್ಟು, ಅನಂತರ ಬೋಗುಣಿಯ ಅರ್ಧಕ್ಕೆ ಅಳೆದು ಸುರಿದರು. ಟ್ಯೂಬು ಮುಳುಗದಿರಲು ಇನ್ನಷ್ಟು ಬೇಡಿದೆವು. “ಟ್ಯಾಂಕರು ನಾಳೆ ಬಂದರೆ ಬಂತು, ತಮ್ಮಾ” ಎನ್ನುತ್ತಲೇ ಇನ್ನೊಂದು ಚೊಂಬು ಹಾಕಿದರು. ತೂತುಗಳು ಸಿಕ್ಕಿದುವು, ತೇಪೆ ಹಚ್ಚಿದೆವು. ಕದಡಿದ ನೀರನ್ನು ಚೆಲ್ಲಲೆದ್ದವನ ಕೈಯಿಂದ ಆಕೆ ಬೋಗುಣಿಯನ್ನು ಕಸಿದುಕೊಂಡು ನುಗ್ಗೆಯ ಬುಡಕ್ಕೆ ಸುರಿದರು. ಅಂದು ಬೆಳಿಗ್ಗೆ ನಾವು ತಂಗಿದ್ದ ಮನೆಯಲ್ಲಿ ಎರಡು ಕೊಡ ನೀರಿನಿಂದ ಬೈಸಿಕಲ್ಲುಗಳ ಧೂಳು ತೊಳೆದಿದ್ದೆವೆಂಬುದನ್ನು ಆಕೆಗೆ ಹೇಳುವ ಧೈರ್ಯ ನಮಗಾಗಲಿಲ್ಲ. ತುಂಗಭದ್ರೆಯ ನೀರನ್ನೆತ್ತಿ ಈ ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯ ಬೆಲೆ ಎಷ್ಟೆಂಬುದು ಆ ಬೋಗುಣಿಯನ್ನು ಕಂಡವರಿಗೆ ಬೇರೆ ಹೇಳಬೇಕಾದುದಿಲ್ಲ.

ಮೂರನೆಯ ದಿನ ಬೆನ್ನಿಗಿದ್ದ ಗಾಳಿಯೇ ಎದೆಗೆ ಬಂದಿತು. ಇಳಿಜಾರಿನಲ್ಲಿಯೂ ತುಳಿಯಬೇಕಾಯಿತು. ಹೋಗುವಾಗ ಹಿಡಿದುದಕ್ಕೆ ಇಮ್ಮಡಿ ಹೊತ್ತು ಹಿಡಿದು, ದೀಪ ಹಚ್ಚುವ ವೇಳೆಗೆ ದಾವಣಗೆರೆಯನ್ನು ಕಂಡೆವು. ಮೊದಲ ದಿನದ ನಗೆಯನ್ನು ಯಾರೂ ನೆನಪಿಸಲಿಲ್ಲ.

ಇಂತಹ ಪ್ರವಾಸಕ್ಕೆ ಹೊರಡುವ ವಾಚಕರಿಗೆ ನಾವು ಹೇಳತಕ್ಕದ್ದು ಇಷ್ಟೆ: ಗಾಳಿಯು ಏಳುವ ಮೊದಲು ಹೊರಡಿರಿ, ತೇಪೆಗಳನ್ನು ಮರೆಯದಿರಿ, ಬಾಯಾರಿಕೆಗೊಂದು, ಗಾಲಿಗೊಂದು ಎಂದು ಎರಡು ಸೀಸೆ ನೀರನ್ನು ಒಯ್ಯಿರಿ. ನಮ್ಮ ಮನೆಯಲ್ಲಂತೂ ಈಗ ಬೈಸಿಕಲ್ಲನ್ನು ಒದ್ದೆಬಟ್ಟೆಯಿಂದ ಒರೆಸುವುದಲ್ಲದೆ ತೊಳೆಯುವ ವಾಡಿಕೆಯಿಲ್ಲ.