ಹಾರ್ನ್ ಕ್ರೀಕ್‌ನ ತಿಳಿನೀರು

ಹಾರ್ನ್ ಕ್ರೀಕ್‌ನ ನೀರು ಕಂಡರೆ ಬೊಗಸೆಯೊಡ್ಡಬೇಕು ಅನ್ನಿಸುತ್ತದೆ. ಕಂದು ಬಂಡೆಯ ಮೇಲೆ ಸಣ್ಣ ಧಾರೆ, ತಳದ ಮರಳಿನ ಕಣಗಳೂ ಕಾಣುವಷ್ಟು ತಿಳಿ, ದಡದಲ್ಲಿ ಆಗಷ್ಟೇ ಚಿಗುರಿದ ಕಾಟನ್‌ವುಡ್ ಮರ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಿಂದ ಇಳಿದು, ಟಾಂಟೊ ಕಾಲುದಾರಿಯ ನೆರಳಿಲ್ಲದ ಹಾಸಿನ ಮೇಲೆ ಬಿಸಿಲಲ್ಲಿ ನಡೆದು ಬಂದವರಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ. ನಾನು ಬಾಟಲಿಯ ಮುಚ್ಚಳ ತಿರುವುತ್ತಿದ್ದಾಗ, ಫೀನಿಕ್ಸ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಹೇಳಿದ: “ಚಿಕ್ಕಮ್ಮ, ಇದು ಕುಡಿಯೋ ನೀರಲ್ಲ. ಮುಂದೆ ನಡೀರಿ.”

ಈ ನೀರಿನಲ್ಲಿ ಯುರೇನಿಯಂ ಕರಗಿದೆ. ಉದ್ಯಾನದ ಆಡಳಿತವು ಸುತ್ತುಬಳಸದೆ ಎಚ್ಚರಿಸುತ್ತದೆ: ನೀರಡಿಕೆಯಿಂದ ಸಾಯುವುದೊಂದೇ ಉಳಿದ ದಾರಿ ಎನ್ನುವಂತಾದರೆ ಮಾತ್ರ ಇದನ್ನು ಕುಡಿಯಿರಿ. ಚಾರಣಿಗರ ಚೀಲದಲ್ಲಿರುವ ಫಿಲ್ಟರ್ ಹಿಡಿಯುವುದು ಮಣ್ಣನ್ನು, ರೋಗಾಣುಗಳನ್ನು. ಕರಗಿದ ಯುರೇನಿಯಂ ಅದರೊಳಗಿಂದ ಇಳಿದು ಬರುತ್ತದೆ. ಕುದಿಸಿದರೆ ಆವಿಯಾಗುವುದು ನೀರು, ಉಳಿಯುವುದು ಯುರೇನಿಯಂ.

ಈ ಕಣಿವೆಯಲ್ಲಿ ನೀರು ಎಲ್ಲೆಂದರಲ್ಲಿ ಸಿಗುವುದಿಲ್ಲ, ಸಿಗುವ ಕಡೆ ಕಾರಣವಿಲ್ಲದೆಯೂ ಸಿಗುವುದಿಲ್ಲ. ಮೇಲೆ ಬಿದ್ದ ಮಳೆ, ಹಿಮ ಕಲ್ಲಿನ ಪದರಗಳ ಬಿರುಕುಗಳಲ್ಲಿ ಇಳಿಯುತ್ತ ರೆಡ್‌ವಾಲ್, ಮುವಾವ್ ಎಂಬ ಸುಣ್ಣಕಲ್ಲುಗಳನ್ನು ದಾಟುತ್ತವೆ. ಅವುಗಳಡಿ ಬ್ರೈಟ್ ಏಂಜಲ್ ಶೇಲ್ ಎಂಬ ಜೇಡಿಗಲ್ಲಿನ ಪದರವಿದೆ. ಅದು ನೀರನ್ನು ಕೆಳಗಿಳಿಯಗೊಡುವುದಿಲ್ಲ. ತಡೆದ ನೀರು ಅಡ್ಡಲಾಗಿ ಹರಿದು ಕಣಿವೆಯ ಗೋಡೆಯಲ್ಲಿ ಒಸರುತ್ತದೆ. ದೊಡ್ಡ ಸೆಲೆಗಳೆಲ್ಲ ಹೆಚ್ಚುಕಡಿಮೆ ಈ ಗಡಿಯಲ್ಲೇ ಇರುವುದು ಇದರಿಂದಲೇ. ಉತ್ತರದ ಅಂಚು ದಕ್ಷಿಣಕ್ಕಿಂತ 300 ಮೀಟರ್‌ನಷ್ಟು ಎತ್ತರ, ಪದರಗಳು ದಕ್ಷಿಣಕ್ಕೆ ವಾಲಿವೆ. ಹಾಗಾಗಿ ಉತ್ತರದ ನೀರು ಕಣಿವೆಗೆ ಧುಮುಕುತ್ತದೆ. ದಕ್ಷಿಣದ ನೀರಿನ ಬಹುಪಾಲು ಕಣಿವೆಗೆ ಬೆನ್ನು ಹಾಕಿ ಹೊರಟುಹೋಗುತ್ತದೆ. ದಕ್ಷಿಣದ ಗೋಡೆಗೆ ದಕ್ಕಿದ್ದು ಹನಿ, ಒರತೆ, ಸಣ್ಣ ತೊರೆ ಮಾತ್ರ.

ಹಾರ್ನ್ ಕ್ರೀಕ್ ಕೆಟ್ಟ ಕಥೆಯೂ ಇದೇ ಸುಣ್ಣಕಲ್ಲಿನಲ್ಲಿ ಶುರುವಾಗುತ್ತದೆ. ರೆಡ್‌ವಾಲ್ ಕಲ್ಲಿನೊಳಗೆ ನೀರು ಕೊರೆದ ಗುಹೆಗಳಿದ್ದವು. ಚಾವಣಿ ಕುಸಿದಾಗ ಮೇಲಿನ ಪದರಗಳೂ ಒಂದರ ಹಿಂದೊಂದು ಒಳಗೆ ಬಿದ್ದು, ಕಲ್ಲಿನ ಚೂರು ತುಂಬಿದ ನೆಟ್ಟನೆಯ ಕಂಬಗಳಾದವು. ಭೂವಿಜ್ಞಾನಿಗಳು ಇವನ್ನು ಬ್ರೆಶಿಯಾ ಪೈಪ್ ಎನ್ನುತ್ತಾರೆ. ಅವುಗಳೊಳಗೆ ಹರಿದಾಡಿದ ಖನಿಜದ ನೀರು ತಾಮ್ರವನ್ನೂ ಯುರೇನಿಯಂ ಅನ್ನೂ ಬಿಟ್ಟುಹೋಯಿತು. ಅಂಥ ಒಂದು ಕಂಬ ದಕ್ಷಿಣ ಅಂಚಿನ ಬುಡದಲ್ಲೇ, ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಮ್ಯಾರಿಕೋಪ ಪಾಯಿಂಟ್‌ನ ಮಗ್ಗುಲಲ್ಲಿದೆ. 1893ರಲ್ಲಿ ಅಲ್ಲಿ ತಾಮ್ರಕ್ಕಾಗಿ ಹಕ್ಕು ದಾಖಲಾಯಿತು. ಹೆಸರು ಆರ್ಫನ್ ಗಣಿ. ಆಗ ರಾಷ್ಟ್ರೀಯ ಉದ್ಯಾನವೇ ಇರಲಿಲ್ಲ. ಅದು ಆದದ್ದು 1919ರಲ್ಲಿ, ಗಣಿಯ ತುಂಡು ನೆಲ ಖಾಸಗಿಯಾಗಿಯೇ ನಡುವೆ ಉಳಿಯಿತು. 1951ರಲ್ಲಿ ಅಲ್ಲಿ ಯುರೇನಿಯಂ ಇರುವುದು ಗೊತ್ತಾಯಿತು, ಅದು ಅಣ್ವಸ್ತ್ರಗಳ ಪೈಪೋಟಿಯ ಕಾಲ. 1956ರಿಂದ 1969ರವರೆಗೆ ಜಗತ್ಪ್ರಸಿದ್ಧ ಕಣಿವೆಯ ಅಂಚಿನಲ್ಲಿ ಅದಿರು ತೆಗೆದರು. ಅದಿರಿನ ಜಾಡು ಉದ್ಯಾನದ ನೆಲದೊಳಕ್ಕೆ ಹೊಕ್ಕಾಗ ಗಣಿಯವರು ಅಲ್ಲಿಗೂ ಹೋಗಲು 1962ರಲ್ಲಿ ಕಾನೂನೇ ಆಯಿತು. ಬದಲಿಗೆ 25 ವರ್ಷದ ನಂತರ ಗಣಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು. 1987ರಲ್ಲಿ ಉದ್ಯಾನದ ಕೈಗೆ ಬಂದದ್ದು ಖಾಲಿ ಸುರಂಗ, ಅದರ ಕೆಳಗಿನ ಹಾರ್ನ್ ಕ್ರೀಕ್‌ನಲ್ಲಿ ಯುರೇನಿಯಂ. ಹದಿಮೂರು ವರ್ಷದ ಲಾಭಕ್ಕೆ ಒಂದು ತೊರೆ ತೆತ್ತದ್ದು ಕೆಟ್ಟ ವ್ಯಾಪಾರವೆಂದೇ ನನ್ನ ತೀರ್ಮಾನ. ನಮ್ಮ ಯಾದಗಿರಿಯ ಗೋಗಿಯಲ್ಲೂ ಯುರೇನಿಯಂ ನಿಕ್ಷೇಪವಿದೆ, ಅಲ್ಲಿನವರ ಆತಂಕವೂ ನೀರಿನದೇ.

ಹಾಗಾದರೆ ನಂಬುವುದು ಯಾವ ನೀರನ್ನು? ಅಂದು ನಮ್ಮ ಚೀಲದಲ್ಲಿದ್ದದ್ದು ಹಿಂದಿನ ಮಾನ್ಯುಮೆಂಟ್ ಕ್ರೀಕ್‌ನ ನೀರು. ಅದು ವರ್ಷವಿಡೀ ಹರಿಯುತ್ತದೆ. ಕಾಟನ್‌ವುಡ್ ಮರ ಕಂಡರೆ ಬೇರಿಗೆ ಎಟುಕುವಷ್ಟು ಆಳದಲ್ಲಿ ನೀರಿದೆ ಎಂದಷ್ಟೇ ಅರ್ಥ, ಅದು ಮೇಲೆ ಹರಿಯುತ್ತಲೇ ಇರಬೇಕೆಂದಿಲ್ಲ. ಮಳೆಯಾದ ಮೇಲೆ ಮರಳುಗಲ್ಲಿನ ದೊಣೆಗಳಲ್ಲಿ ನೀರು ನಿಲ್ಲುತ್ತದೆ. ಅವುಗಳಲ್ಲಿ ಈಜಾಡುವ ಪುಟ್ಟ ಸಿಗಡಿಗಳ ಮೊಟ್ಟೆಗಳು ವರ್ಷಗಟ್ಟಲೆ ಒಣಗಿಬಿದ್ದು, ನೀರು ಸೋಕಿದೊಡನೆ ಒಡೆಯುತ್ತವೆ. ಆ ನೀರಿಗೆ ಕಾಲಿಳಿಬಿಡಬಾರದು, ಸನ್‌ಸ್ಕ್ರೀನ್ ಹಚ್ಚಿದ ಕೈ ಅದ್ದಬಾರದು. ಕೊಲರಾಡೊ ನದಿಯ ನೀರು ಬಗ್ಗಡವಾಗಿದ್ದರೆ ಬಕೆಟ್‌ನಲ್ಲಿ ರಾತ್ರಿಯಿಡೀ ನಿಲ್ಲಿಸುತ್ತಾರೆ, ಅವಸರವಿದ್ದರೆ ಪಟಿಕ ಹಾಕುತ್ತಾರೆ. ತಿಳಿಯಾದ ಮೇಲೆ ಸೋಸಿ ಕುಡಿಯಬಹುದು. ಕಳ್ಳಿ ಕಡಿದು ನೀರು ಹಿಂಡುವ ಟೀವಿ ಸಾಹಸಗಳನ್ನು ಮಾತ್ರ ನಾನು ನಂಬಲಾರೆ. ಅಂಥ ರಸ ವಾಂತಿ ತರಿಸಿ, ಮೈಯಲ್ಲಿರುವ ನೀರನ್ನೂ ಕಳೆಯಬಹುದು.

ನಂಬಬೇಕಾದ್ದು ನಡೆದು ನೋಡಿ ಬಂದವರ ಮಾತನ್ನು. 1869ರಲ್ಲಿ ದೋಣಿಯಲ್ಲಿ ಬಂದ ಜಾನ್ ವೆಸ್ಲಿ ಪೊವೆಲ್, ಮೇಲೆಲ್ಲೋ ಕಂಡ ಕೆಸರು ಹಳ್ಳಕ್ಕೆ ಕೊಳಕು ದೆವ್ವವೆಂದೂ ಇಲ್ಲಿಯ ತಿಳಿ ತೊರೆಗೆ ಬೆಳಗುವ ದೇವದೂತನೆಂದೂ ಹೆಸರಿಟ್ಟ. ಆದರೆ ನನಗೆ ಪ್ರಿಯರಾದವರು ಹಾರ್ವೆ ಬುಚಾರ್ಟ್. ಫ್ಲಾಗ್‌ಸ್ಟಾಫ್‌ನಲ್ಲಿ ಗಣಿತದ ಮೇಷ್ಟ್ರಾಗಿದ್ದ ಅವರು 1945ರಿಂದ ನಾಲ್ಕು ದಶಕಗಳಲ್ಲಿ ಈ ಕಣಿವೆಯೊಳಗೆ ಸುಮಾರು 19,000 ಕಿಲೋಮೀಟರ್ ನಡೆದು ಕಂಡದ್ದನ್ನೆಲ್ಲ ಬರೆದಿಟ್ಟರು. 1963ರಲ್ಲಿ ಉದ್ಯಾನದ ಉದ್ದಕ್ಕೂ ನಡೆದು ಹೆಸರಾದ ಕಾಲಿನ್ ಫ್ಲೆಚರ್ ಹೊರಡುವ ಮುನ್ನ ದಾರಿ ಕೇಳಿದ್ದು ಇವರನ್ನೇ.

ಮೇಲಿನ ಹೋಟೆಲಿನ ನಲ್ಲಿಯೂ ಗಟ್ಟಿ ಭರವಸೆಯಲ್ಲ. ದಕ್ಷಿಣ ಅಂಚಿನ ನೀರು ಬರುವುದು ಎದುರು ಗೋಡೆಯ ರೋರಿಂಗ್ ಸ್ಪ್ರಿಂಗ್ಸ್‌ನಿಂದ, 20 ಕಿಲೋಮೀಟರ್ ಉದ್ದದ, 1960ರ ದಶಕದ ಕೊಳವೆಯಲ್ಲಿ. 2024ರ ಆಗಸ್ಟ್‌ನಲ್ಲಿ ಅದು ನಾಲ್ಕು ಕಡೆ ಒಡೆದು, ಹೋಟೆಲುಗಳಲ್ಲಿ ರಾತ್ರಿ ವಾಸ್ತವ್ಯವನ್ನೇ ನಿಲ್ಲಿಸಬೇಕಾಯಿತು.

ಅಮೆರಿಕದಲ್ಲಿರುವ ಮಕ್ಕಳು ಈ ಕಣಿವೆಗೆ ಇಳಿಯುತ್ತೇವೆಂದರೆ ಒಂದು ಮಾತು ಹೇಳಿ ಕಳಿಸಿ. ನಕ್ಷೆಯ ನೀಲಿ ಗೆರೆ ನೋಡಿ ಹೊರಡುವುದು ಬೇಡ, ಆ ವಾರ ಯಾವ ತೊರೆಯಲ್ಲಿ ನೀರಿದೆಯೆಂದು ಪರವಾನಗಿ ಕೊಡುವ ಕಚೇರಿಯಲ್ಲಿ ಕೇಳಲಿ. ದಿನಕ್ಕೆ ಒಬ್ಬರಿಗೆ ನಾಲ್ಕು ಲೀಟರ್ ಬೇಕು. ಜೊತೆಗೆ ಚಕ್ಕುಲಿಯೋ ಖಾರಾಬೂಂದಿಯೋ, ಉಪ್ಪಿರುವ ತಿಂಡಿ ಇರಲಿ. ಏನೂ ತಿನ್ನದೆ ಬರೀ ನೀರನ್ನೇ ಕುಡಿದು, ರಕ್ತದ ಸೋಡಿಯಂ ಕುಸಿದು ಆಸ್ಪತ್ರೆ ಸೇರುವವರೂ ಅಲ್ಲಿದ್ದಾರೆ.