ಕಾಂಗ್ರೆಸ್ ಗಿಡ ಕೊರೆಯುವ ಪುಟ್ಟ ಪತಂಗ: ಬೆಂಗಳೂರಿಗೆ ಬಂದರೂ ಹೊರಗೆ ಬಿಡಲಿಲ್ಲ, ಕಾರಣ ಹುಚ್ಚೆಳ್ಳು!

ನವದೆಹಲಿ: ಮಳೆಗಾಲ ಶುರುವಾದರೆ ಸಾಕು, ದೆಹಲಿ, ನೊಯ್ಡಾ, ಗುರುಗ್ರಾಮದ ರಸ್ತೆ ಬದಿ ಹಾಗೂ ಖಾಲಿ ಸೈಟುಗಳಲ್ಲಿ ಬಿಳಿ ಹೂವಿನ ಕಳೆಯೊಂದು ಸೊಂಪಾಗಿ ಬೆಳೆಯುತ್ತದೆ. ಇಲ್ಲಿನವರಿಗೆ ಅದು 'ಗಾಜರ್ ಘಾಸ್', ಕನ್ನಡಿಗರಿಗೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಚರ್ಮದ ಅಲರ್ಜಿ, ಉಸಿರಾಟದ ತೊಂದರೆ ತರುವ ಈ ಗಿಡವನ್ನು ಒಳಗಿನಿಂದಲೇ ಕೊರೆಯುವ ಪತಂಗವೊಂದಿದೆ. ಹಾಗಾದರೆ ಅದನ್ನೇಕೆ ಭಾರತದಲ್ಲಿ ಬಿಡಲಿಲ್ಲ?

ನೋಡಲು ಹೇಗಿದೆ?

ಹೆಸರು ಎಪಿಬ್ಲೆಮಾ ಸ್ಟ್ರೆನುವಾನಾ. ಉತ್ತರ ಅಮೆರಿಕ ಮೂಲದ್ದು. ರೆಕ್ಕೆ ಬಿಚ್ಚಿದರೂ ಎರಡು ಸೆಂಟಿಮೀಟರ್ ದಾಟದು. ಕಂದು, ಬೂದು ಮಿಶ್ರಿತ ಬಣ್ಣ. ಕಣ್ಣಿಗೆ ಬೀಳುವಂಥ ಚೆಲುವೇನೂ ಇಲ್ಲ. ಪತಂಗಕ್ಕಿಂತ ಅದು ಬಿಟ್ಟುಹೋಗುವ ಗುರುತೇ ಸುಲಭವಾಗಿ ಕಾಣುತ್ತದೆ. ಎಲೆಯ ಮೇಲಿಟ್ಟ ಮೊಟ್ಟೆಯಿಂದ ಹೊರಬಂದ ಹುಳು ಕಾಂಡದೊಳಗೆ ನುಗ್ಗುತ್ತದೆ. ಆ ಜಾಗದಲ್ಲಿ ಕಾಂಡ ಗಂಟಿನಂತೆ ಊದಿಕೊಳ್ಳುತ್ತದೆ. ಹುಳು ಕೋಶವಾಗುವುದೂ ಆ ಗಂಟಿನೊಳಗೇ. ಅದಕ್ಕೂ ಮೊದಲೇ, ಮುಂದೆ ಪತಂಗ ಹೊರಬರಲು ಕಿಂಡಿಯೊಂದನ್ನು ಕೊರೆದಿಟ್ಟಿರುತ್ತದೆ! ಗಂಟು ಕಟ್ಟಿದ ಎಳೆ ಗಿಡ ಕುಗ್ಗುತ್ತದೆ, ಹೂವು ಕಡಿಮೆಯಾಗುತ್ತದೆ.

ಆಸ್ಟ್ರೇಲಿಯಾ ಇದನ್ನು 1982ರಲ್ಲಿ ಪಾರ್ಥೇನಿಯಂ ಮೇಲೆ ಬಿಟ್ಟಿತು. 1985ರಲ್ಲಿ ಬೆಂಗಳೂರಿಗೂ ಪತಂಗ ಬಂತು.

ಅಡ್ಡಿಯಾಗಿದ್ದೇನು?

ಹೊರದೇಶದ ಕೀಟವನ್ನು ತಂದ ಕೂಡಲೇ ಹೊಲಕ್ಕೆ ಬಿಡುವಂತಿಲ್ಲ. ಮುಚ್ಚಿದ ಪ್ರಯೋಗಾಲಯದಲ್ಲಿ ಅದಕ್ಕೆ ನಮ್ಮ ಬೆಳೆಗಳನ್ನು ಒಡ್ಡಿ, ಯಾವುದನ್ನು ತಿನ್ನುತ್ತದೆ ಎಂದು ನೋಡಬೇಕು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಈ ಪರೀಕ್ಷೆಯಲ್ಲಿ ಹುಳು ಹುಚ್ಚೆಳ್ಳು ಗಿಡದ ಮೇಲೂ ಬೆಳೆದು ಪತಂಗವಾಯಿತು. ಉತ್ತರ ಕರ್ನಾಟಕದಲ್ಲಿ ಗುರೆಳ್ಳು ಎನ್ನುವ, ರೊಟ್ಟಿ ಜೊತೆ ಚಟ್ನಿಪುಡಿಯಾಗುವ ಎಣ್ಣೆಕಾಳೇ ಇದು. ಪಾರ್ಥೇನಿಯಂ, ಸೂರ್ಯಕಾಂತಿ, ಹುಚ್ಚೆಳ್ಳು ಮೂರೂ ಒಂದೇ ಕುಟುಂಬದ ಸಸ್ಯಗಳು. ಆಸ್ಟ್ರೇಲಿಯಾದಲ್ಲಿ ಹುಚ್ಚೆಳ್ಳು ದೊಡ್ಡ ಬೆಳೆಯಲ್ಲ, ಇಲ್ಲಿ ಒಣಭೂಮಿ ರೈತರ ಆಸರೆ. ಹೀಗಾಗಿ ಸಾಕಿದ್ದ ಪತಂಗಗಳನ್ನೆಲ್ಲ ನಾಶ ಮಾಡಲಾಯಿತು. ಒಮ್ಮೆ ಹೊರಬಿಟ್ಟ ಕೀಟವನ್ನು ಮತ್ತೆ ಹಿಡಿದು ತರಲು ಸಾಧ್ಯವಿಲ್ಲದ ಕಾರಣ ಇದು ಸರಿಯಾದ ನಿರ್ಧಾರವೇ.

ಇದಕ್ಕೂ ಮುನ್ನ ಮೆಕ್ಸಿಕೊದಿಂದ ತಂದ ಜೈಗೋಗ್ರಾಮಾ ಜೀರುಂಡೆ ಪರೀಕ್ಷೆಯಲ್ಲಿ ಪಾಸಾಗಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿತ್ತು. ಮುಂದೆ ಅದು ಸೂರ್ಯಕಾಂತಿ ಎಲೆಯ ಮೇಲೂ ಕಾಣಿಸಿಕೊಂಡು ವಿವಾದ ಎದ್ದಿದ್ದು ಬೇರೆ ಮಾತು. ಈಗ ಉತ್ತರ ಭಾರತದಲ್ಲೂ ಅದು ನೆಲೆಯೂರಿದೆ. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆಗಳು ಜರಡಿಯಂತಾಗಿದ್ದರೆ ಅದು ಈ ಜೀರುಂಡೆಯದೇ ಕೆಲಸವಿರಬಹುದು.